ಮಾಲ್ಗುಡಿಯ ಉತ್ತರಕಥೆ: ಸುಶೀಲೆಯನ್ನು ಕುರಿತು ಒಂದು ರಸವಿಚಾರ

ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದೀರ್ಘವಾದ ಗದ್ಯಕಥೆಗೆ ‘ಕಾದಂಬರಿ’ ಎಂಬ ಹೆಸರು ರೂಢವಾಗಿದೆ. ಇದು ಬಾಣಭಟ್ಟನ ನಾಯಿಕೆಯ ಹೆಸರೆಂಬುದನ್ನು ನಾವು ಮರೆತಿಲ್ಲ. ಆದರೆ ಆ ಗ್ರಂಥವು ಪೂರ್ವಭಾಗವೆಂದೂ ಉತ್ತರಭಾಗವೆಂದೂ ಎರಡಾಗಿ ನಮಗೆ ಬಂದಿದೆ. ತಂದೆಯು ಕಥೆಯ ನಡುವೆಯೇ ತೀರಿಕೊಳ್ಳಲು ಮಗನಾದ ಭೂಷಣಭಟ್ಟನು ಉಳಿದುದನ್ನು ಪೂರೈಸಿದನು. ಪೂರ್ವಭಾಗವು ನಿಲ್ಲುವಾಗ ಚಂದ್ರಾಪೀಡನು ಉಜ್ಜಯಿನಿಯಲ್ಲಿರುವನು, ಕಾದಂಬರಿಯು ದೂರದಲ್ಲಿರುವಳು, ಆಕೆಯ ಅವಸ್ಥೆಯನ್ನು ಪತ್ರಲೇಖೆಯು ಹೇಳುತ್ತಿರುವಳು. ವಾಚಕನು ಅಲ್ಲಿಯೇ ಕಾದು ಕುಳಿತುಕೊಳ್ಳಬೇಕು. ಹೀಗೆ ಕಾಯಿಸುವುದೂ, ಕಾದವನಿಗೆ ಉತ್ತರಕಥೆಯೊಂದನ್ನು ಕೊಡುವುದೂ ನಮ್ಮ ಕಾದಂಬರಿಯ ಹೆಸರಿನಲ್ಲಿಯೇ ಅಡಗಿರುವ ಧರ್ಮವೆನ್ನಬಹುದು.

ಪೂರ್ವಕಥೆಯಲ್ಲಿ ಪ್ರೇಮವು ವಿವಾಹದವರೆಗೆ ನಡೆದು ದಡ ಸೇರಿದ್ದರೆ ಉತ್ತರಕಥೆಗೆ ಉಳಿಯುವ ಕೆಲಸವೇನು? ಮೊದಲಿನ ಸೊಗಸನ್ನೇ ಮತ್ತೆ ಬಡಿಸಿದರೆ ಅದು ಪುನರುಕ್ತಿ; ನಾಯಕ ನಾಯಿಕೆಯರನ್ನು ಸುಮ್ಮನೆ ಅಗಲಿಸಿದರೆ ಅದು ಕೃತಕ. ಈ ಪ್ರಶ್ನೆಯನ್ನು ಆರ್. ಕೆ. ನಾರಾಯಣರ (೧೯೦೬–೨೦೦೧) ಎರಡು ಕೃತಿಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಒಂದು, ೧೯೩೭ರಲ್ಲಿ ಹೊರಬಂದ ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’. ಇನ್ನೊಂದು, ೧೯೪೫ರ ‘ದಿ ಇಂಗ್ಲಿಷ್ ಟೀಚರ್’. ಇಂಗ್ಲಿಷಿನಲ್ಲಿ ಬರೆದ ಗ್ರಂಥಗಳ ವಿಚಾರ ಇಲ್ಲಿಗೇಕೆ ಎಂದು ಕೆಲವರು ಕೇಳಬಹುದು. ಗ್ರಂಥಕರ್ತರು ತಮ್ಮ ಆಯುಸ್ಸಿನ ಬಹುಭಾಗವನ್ನು ಮೈಸೂರಿನಲ್ಲಿ ಕಳೆದವರು. ಮಾಲ್ಗುಡಿಯೆಂಬ ಊರು ಅವರಿಗೆ ಹೊಳೆದುದು ೧೯೩೦ರ ವಿಜಯದಶಮಿಯಂದು, ಬೆಂಗಳೂರಿನಲ್ಲಿ, ಅಜ್ಜಿಯು ಗೊತ್ತುಮಾಡಿಕೊಟ್ಟ ಶುಭದಿನದಲ್ಲಿ ಹೊಸ ಪುಸ್ತಕವನ್ನು ತೆರೆದು ಬರೆಯಲು ಕುಳಿತಾಗ. ಮಲ್ಲೇಶ್ವರದ ಮೊದಲನ್ನೂ ಬಸವನಗುಡಿಯ ಕೊನೆಯನ್ನೂ ಕೂಡಿಸಿ ಈ ಹೆಸರಾಯಿತೆಂದು ನಮ್ಮ ಪೇಟೆಗಳಲ್ಲಿ ಹೇಳುವುದುಂಟು. ಗ್ರಂಥಕರ್ತರಾದರೋ ರೈಲು ನಿಲ್ದಾಣವೊಂದು ತಮ್ಮ ಕಣ್ಣಮುಂದೆ ಬಂದು ನಿಂತಿತೆಂದು ಮಾತ್ರ ‘ಮೈ ಡೇಸ್’ ಎಂಬ ಆತ್ಮಕಥೆಯಲ್ಲಿ (೧೯೭೪) ಬರೆದಿರುವರು. ನಿರುಕ್ತಿಯು ಹೇಗಾದರೂ ಇರಲಿ, ಆ ಊರಿನ ಜಾತಕ, ಲಗ್ನಪತ್ರಿಕೆ, ಬಾಡಿಗೆಮನೆ, ಹೊಸ ಬಡಾವಣೆಗಳು ನಮಗೆ ಪರಕೀಯವಲ್ಲ.

ಮೊದಲಿಗೆ ಪೂರ್ವಪಕ್ಷವನ್ನು ಹೇಳಿಬಿಡಬೇಕು. ಅಕ್ಷರಾರ್ಥದಲ್ಲಿ ಎರಡನೆಯದು ಮೊದಲನೆಯದರ ಉತ್ತರಕಥೆಯಲ್ಲ. ಮೊದಲ ಗ್ರಂಥದ ನಾಯಕನು ಚಂದ್ರನ್, ಎರಡನೆಯದರಲ್ಲಿ ಕೃಷ್ಣನ್. ಮನೆತನ ಬೇರೆ, ವೃತ್ತಿ ಬೇರೆ. ಎರಡು ಗ್ರಂಥಗಳ ನಡುವೆ ೧೯೩೮ರಲ್ಲಿ ಬಂದ ‘ದಿ ಡಾರ್ಕ್ ರೂಮ್’ ದಾಂಪತ್ಯದ ಕಹಿಯನ್ನು ಹೇಳುವ ಬೇರೊಂದು ಕಥೆ. ಆದರೂ ಒಂದು ಸಂಗತಿಯನ್ನು ವಾಚಕನು ಕಡೆಗಣಿಸಲಾರನು. ಚಂದ್ರನ್ ಕೈಹಿಡಿಯುವ ಹುಡುಗಿಯ ಹೆಸರು ಸುಶೀಲೆ; ಕೃಷ್ಣನ್ನನ ಪತ್ನಿಯ ಹೆಸರೂ ಸುಶೀಲೆಯೇ. ಚಂದ್ರನ್ ಓದಿದ ಆಲ್ಬರ್ಟ್ ಮಿಷನ್ ಕಾಲೇಜಿನಲ್ಲಿಯೇ ಕೃಷ್ಣನ್ ಪಾಠ ಹೇಳುವನು. ಒಂದನೆಯದು ಹೊಸದಾಗಿ ಮದುವೆಯಾದವನು ಹೆಂಡತಿಯ ಪತ್ರಕ್ಕಾಗಿ ಕಾತರಿಸುತ್ತಿರುವಲ್ಲಿ ಮುಗಿಯುತ್ತದೆ. ಎರಡನೆಯದು ಹೆಂಡತಿಯೂ ಎಳೆಯ ಮಗುವೂ ಇನ್ನೂ ಬಂದು ಸೇರದ ಗಂಡನು ಹಾಸ್ಟೆಲಿನಲ್ಲಿರುವಲ್ಲಿ ಪ್ರಾರಂಭವಾಗುತ್ತದೆ. ಕಥಾವಸ್ತುವಿನಿಂದ ಅಲ್ಲವಾದರೂ ಸ್ಥಾಯಿಭಾವದಿಂದ ಇದು ಉತ್ತರಕಥೆಯೆಂಬುದೇ ನಮ್ಮ ಸಿದ್ಧಾಂತ. ಇದನ್ನು ಸಾಧಿಸುವ ಕ್ರಮ ಹೇಗೆಂದರೆ:

ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಪೂರ್ವರಾಗವನ್ನು ಮೂರು ಬಣ್ಣಗಳಿಂದ ವಿಂಗಡಿಸುತ್ತಾನೆ. ಹೊರಗೆ ಬಹಳವಾಗಿ ಹೊಳೆಯದೆ ಮನಸ್ಸಿನಲ್ಲಿ ನಿಂತು ಎಂದಿಗೂ ಬಿಡದಿರುವುದು ನೀಲೀರಾಗ. ಹೊಳೆದು ಬಿಟ್ಟುಹೋಗುವುದು ಕುಸುಂಭರಾಗ. ಹೊಳೆಯುವುದೂ ಬಿಡದಿರುವುದೂ ಮಂಜಿಷ್ಠಾರಾಗ. ಬಟ್ಟೆಗೆ ಬಣ್ಣಹಾಕುವವರ ಅನುಭವದಿಂದ ಬಂದ ಈ ವಿಭಾಗವು ಇಂದಿನ ಕಾದಂಬರಿಗಳಿಗೂ ಒದಗುತ್ತದೆ. ಚಂದ್ರನ್ ಸರಯೂ ತೀರದಲ್ಲಿ ಮಾಲತಿಯೆಂಬ ಬಾಲಿಕೆಯನ್ನು ಕಂಡು ಒಂದು ಮಾತನ್ನೂ ಆಡದೆ ಅವಳನ್ನೇ ಮದುವೆಯಾಗುವೆನೆಂದು ನಿಶ್ಚಯಿಸುವನು. ಜಾತಕಗಳು ಕೂಡಿಬರುವುದಿಲ್ಲ, ಹುಡುಗನ ಜಾತಕದಲ್ಲಿ ಕುಜನು ಪತ್ನಿಗೆ ಮಾರಕನಾಗಿ ಕುಳಿತಿರುವನು. ಆಶಾಭಂಗದಿಂದ ಅವನು ಮದರಾಸಿಗೆ ಓಡಿಹೋಗಿ, ಕಾಷಾಯವನ್ನುಟ್ಟು ಎಂಟು ತಿಂಗಳು ಅಲೆಯುವನು. ಹಳ್ಳಿಯವರ ಭಕ್ತಿಯನ್ನು ಕಂಡು ತನ್ನ ಸಂನ್ಯಾಸದ ಪೊಳ್ಳುತನಕ್ಕೆ ನಾಚಿ ಹಿಂದಿರುಗುವನು. ಆಮೇಲೆ ತಾಳಪುರದ ಸಂಬಂಧ ಬಂದಾಗ, ಹೋಗಿ ಹೆಣ್ಣನ್ನು ನೋಡಬೇಕೋ ಬೇಡವೋ ಎಂಬುದು ನಾಣ್ಯವನ್ನು ಚಿಮ್ಮಿಸಿ ತೀರ್ಮಾನವಾಗುತ್ತದೆ. ಹೋಗಿ ನೋಡಿದವನು ಸುಶೀಲೆಗೆ ಮನಸೋತು ಬರುವನು. ಮಾಲತಿಯ ಮೇಲಿನ ರಾಗವು ಕುಸುಂಭದಂತೆ ತೊಳೆದುಹೋಗುವುದನ್ನು ಗ್ರಂಥಕರ್ತರು ಹಾಸ್ಯದ ನೆಳಲಿನಲ್ಲಿ ತೋರಿಸಿದ್ದಾರೆ. ಆದರೆ ಸುಶೀಲೆಯ ಮೇಲಿನ ರಾಗದ ಬಣ್ಣ ಯಾವುದೆಂಬುದು ಈ ಗ್ರಂಥದಿಂದ ತಿಳಿಯುವುದಿಲ್ಲ. ಹೊಸ ಬಟ್ಟೆಯು ಎಲ್ಲರಿಗೂ ಹೊಳೆದೇ ಕಾಣುವುದು; ತೊಳೆದು ನೋಡಿದ ಹೊರತು ಬಣ್ಣದ ಗುಣ ಗೊತ್ತಾಗದು. ಉತ್ತರಕಥೆಯ ಮೊದಲ ಕೆಲಸವು ಇದು: ತೊಳೆದು ನೋಡುವುದು.

‘ದಿ ಇಂಗ್ಲಿಷ್ ಟೀಚರ್’ ಗ್ರಂಥದ ಪೂರ್ವಾರ್ಧವು ಇದನ್ನು ಮಾಡುತ್ತದೆ. ಇಲ್ಲಿ ಉದ್ಯಾನವಿಲ್ಲ, ಚಂದ್ರೋದಯವಿಲ್ಲ. ಉದ್ದೀಪನಕ್ಕೆ ಇರುವುದು ಮನೆಯ ಲೆಕ್ಕದ ಚೀಟಿ, ಮಗು ಲೀಲೆಯ ಆಟ, ಒಂದು ಹಳೆಯ ಮೇಜಿನ ಗಡಿಯಾರ. ಈ ಗಡಿಯಾರವು ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಳ್ಳುವುದು. ಟೇನ್ ಎಂಬಾತನು ಬರೆದ ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಸಂಪುಟವನ್ನು ಅದರ ಮೇಲೆ ಹೇರಿದರೆ ಮಾತ್ರ ಸುಮ್ಮನಾಗುವುದು. ಗಂಡನಿಗೆ ಅದು ಪ್ರಾಣ. ಅವನಿಲ್ಲದಾಗ ಹೆಂಡತಿಯು ಅದನ್ನು ಹಳೆಯ ಕಾಗದ ಕೊಳ್ಳುವವನಿಗೆ ಮಾರಿಬಿಡುವಳು. ಮಾತು ಬೆಳೆಯುತ್ತದೆ, ಮೌನ ಹೆಪ್ಪುಗಟ್ಟುತ್ತದೆ, ಮತ್ತೆ ಕರಗುತ್ತದೆ. ಆಲಂಕಾರಿಕರು ಮಾನವಿಪ್ರಲಂಭವೆಂದು ಯಾವುದನ್ನು ಹೇಳುವರೋ ಅದಕ್ಕೆ ಸವತಿಯ ಈರ್ಷ್ಯೆಯನ್ನು ತಾರದೆ ಒಂದು ಕೆಟ್ಟ ಗಡಿಯಾರವನ್ನು ಕಾರಣವಾಗಿ ತಂದಿರುವುದು ದೊಡ್ಡ ವಿವೇಕ. ಇಲ್ಲಿಯ ಪ್ರೇಮವು ಹೊಳೆಯುವುದಿಲ್ಲ; ಬಿಡುವುದೂ ಇಲ್ಲ. ವಿಶ್ವನಾಥನು ನೀಲೀರಾಗಕ್ಕೆ ಶ್ರೀರಾಮ ಸೀತೆಯರನ್ನು ಉದಾಹರಿಸಿರುವುದನ್ನು ಇಲ್ಲಿ ನೆನೆಯಬೇಕು. ನಿಧಾನವಾಗಿ ಇಳಿದು ನೂಲಿನೊಳಕ್ಕೆ ಸೇರಿದ ಬಣ್ಣವಿದು.

ಬಳಿಕ ಅಪಾಯ ಬರುತ್ತದೆ. ದಂಪತಿಗಳು ಹೊಸ ಬಡಾವಣೆಯಲ್ಲಿ ಮನೆಯೊಂದನ್ನು ನೋಡಲು ಹೋಗುವರು. ಮನೆಯ ಹಿಂದಿನ ಕೊಳಕಾದ ಕಕ್ಕಸಿನಲ್ಲಿ ಸುಶೀಲೆಯು ಬಾಗಿಲು ಸಿಕ್ಕಿಕೊಂಡು ಸೆರೆಯಾಗುವಳು. ಹೊರಕ್ಕೆ ಬಂದವಳ ಮುಖ ಬಾಡಿರುವುದು. ಜ್ವರ ಬರುತ್ತದೆ, ಅದು ವಿಷಮಶೀತಜ್ವರವೆಂದು ತಿಳಿಯುತ್ತದೆ, ಆಕೆ ತೀರಿಕೊಳ್ಳುವಳು. ಎರಡು ಗ್ರಂಥಗಳನ್ನೂ ಕ್ರಮವಾಗಿ ಓದಿದವನ ಎದೆ ಇಲ್ಲಿ ಒಮ್ಮೆ ನಡುಗುತ್ತದೆ. ಏಕೆಂದರೆ ಮೊದಲ ಗ್ರಂಥದಲ್ಲಿ ಕುಜದೋಷವು ಒಂದು ಮದುವೆಯನ್ನು ಕೆಡಿಸಿದ ವಿನೋದದ ಅಡ್ಡಿಯಾಗಿತ್ತು. ಎರಡನೆಯದರಲ್ಲಿ ಅದೇ ಹೆಸರಿನ ಹೆಣ್ಣು ನಿಜವಾಗಿಯೂ ಅಕಾಲದಲ್ಲಿ ಅಳಿಯುವಳು. ಮೊದಲ ಗ್ರಂಥವನ್ನು ಬರೆಯುವಾಗ ಇದು ಕವಿಸಂಕಲ್ಪವಾಗಿರಲಾರದು. ನಾರಾಯಣರ ಮದುವೆಗೂ ಕುಜನೇ ಅಡ್ಡವಾಗಿದ್ದನು. ಆದರೂ ಮದುವೆ ನಡೆಯಿತು. ಪತ್ನಿ ರಾಜಂ ೧೯೩೯ರಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡರು. ಎಂದರೆ ೧೯೩೭ರ ಗ್ರಂಥವು ಆಕೆ ಬದುಕಿರುವಾಗ ಪ್ರಕಟವಾದುದು. ೧೯೪೫ರದು ಆಕೆಗೆ ಅರ್ಪಿತವಾದುದು. ನಾಟ್ಯಶಾಸ್ತ್ರದಲ್ಲಿ ಬೀಜವೆಂದು ಹೇಳುವ ಅರ್ಥಪ್ರಕೃತಿಯನ್ನು ಕವಿಯು ಅರಿತು ಬಿತ್ತುತ್ತಾನೆ. ಇಲ್ಲಿ ಕವಿಯು ಅರಿಯದೆ ಬಿತ್ತಿದುದನ್ನು ಬಾಳು ಬೆಳೆಸಿತು. ಇದನ್ನು ಜ್ಯೋತಿಷದ ಗೆಲವೆಂದು ಯಾರೂ ಎಣಿಸಬಾರದು. ಗ್ರಂಥಕರ್ತರೇ ಅದಕ್ಕೆ ಉತ್ತರವನ್ನಿಟ್ಟಿದ್ದಾರೆ: ಎರಡನೆಯ ಗ್ರಂಥದಲ್ಲಿ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯನೊಬ್ಬನಿಗೆ ಜೋಯಿಸನು ಮರಣದ ದಿನವನ್ನು ಗೊತ್ತುಮಾಡಿ ಬರೆದುಕೊಟ್ಟಿರುವನು, ಆ ದಿನವು ಬಂದು ಕಳೆದುಹೋಗುತ್ತದೆ, ಮುಖ್ಯೋಪಾಧ್ಯಾಯನು ಸಾಯುವುದಿಲ್ಲ.

ಇನ್ನು ಈ ಗ್ರಂಥದ ಮೇಲೆ ಸಾಮಾನ್ಯವಾಗಿ ಹೊರಿಸುವ ದೋಷವನ್ನು ವಿಚಾರಿಸೋಣ. ಸುಶೀಲೆಯ ಮರಣದ ಬಳಿಕ, ತೋಟದಲ್ಲಿ ವಾಸಿಸುವ ಗೃಹಸ್ಥನೊಬ್ಬನ ಕೈಯು ತಾನೇ ತಾನಾಗಿ ಪರಲೋಕದ ಸಂದೇಶಗಳನ್ನು ಬರೆಯುವುದು. ಅವನ ಮೂಲಕ ಗಂಡನು ಹೆಂಡತಿಯೊಡನೆ ಮಾತನಾಡುವನು. ಪೂರ್ವಾರ್ಧದ ಲೋಕಸಹಜತೆಯೆಲ್ಲಿ, ಉತ್ತರಾರ್ಧದ ಪ್ರೇತಸಂಭಾಷಣೆಯೆಲ್ಲಿ, ಗ್ರಂಥವು ಎರಡಾಗಿ ಒಡೆದಿದೆ ಎಂಬುದು ಆಕ್ಷೇಪ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಸಮಾಧಾನವಿದೆ. ವಿಶ್ವನಾಥನು ವಿಪ್ರಲಂಭವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕು ಬಗೆಯಾಗಿ ಹೇಳುತ್ತಾನೆ. ಈ ನಾಲ್ಕನೆಯದು ಶುದ್ಧವಾದ ಕರುಣರಸವಲ್ಲ. ಇಬ್ಬರಲ್ಲಿ ಒಬ್ಬರು ಲೋಕಾಂತರಕ್ಕೆ ಹೋಗಿಯೂ ಮತ್ತೆ ದೊರೆಯುವ ಪ್ರತ್ಯಾಶೆಯಿದ್ದರೆ ಅದು ಕರುಣವಿಪ್ರಲಂಭ; ಆಶೆಯೇ ಇಲ್ಲದಿದ್ದರೆ ಕರುಣವೇ. ಇದಕ್ಕೆ ಆತನು ಕೊಡುವ ಉದಾಹರಣೆಯು ಕಾದಂಬರಿಯ ಪುಂಡರೀಕ ಮಹಾಶ್ವೇತೆಯರ ವೃತ್ತಾಂತ. ಪುಂಡರೀಕನು ಸತ್ತಾಗ ಮೊದಲು ಇರುವುದು ಕರುಣ. ದಿವ್ಯವಾಣಿಯು ಸಮಾಗಮವನ್ನು ಭರವಸೆಯಿತ್ತ ಮೇಲೆ ರತಿಯು ಮತ್ತೆ ತಲೆಯೆತ್ತುವುದರಿಂದ ಅಲ್ಲಿಂದ ಮುಂದೆ ಶೃಂಗಾರ. ಕೃಷ್ಣನ್ನನಿಗೆ ಹುಡುಗನೊಬ್ಬನು ತಂದುಕೊಟ್ಟ ಗೃಹಸ್ಥನ ಪತ್ರವು ಈ ದಿವ್ಯವಾಣಿಯ ಸ್ಥಾನದಲ್ಲಿದೆ. ಅದರ ಹಿಂದಿನ ಪುಟಗಳು ಕರುಣ, ಮುಂದಿನವು ವಿಪ್ರಲಂಭ. ಆದುದರಿಂದ ಗ್ರಂಥವು ಒಡೆದಿಲ್ಲ, ರಸವು ತಿರುಗಿದೆ. ಭವಭೂತಿಯೂ ಮಹಾವೀರಚರಿತದ ವೀರವನ್ನು ಉತ್ತರರಾಮಚರಿತದಲ್ಲಿ ಮುಂದುವರಿಸದೆ, ಮೂರನೆಯ ಅಂಕದಲ್ಲಿ ಕಣ್ಣಿಗೆ ಕಾಣದ ಸೀತೆಯ ಸ್ಪರ್ಶದಿಂದ ರಾಮನನ್ನು ಎಚ್ಚರಗೊಳಿಸಿದನು. ಛಾಯಾಸೀತೆಯನ್ನು ಒಪ್ಪಿದವರು ಛಾಯಾಸುಶೀಲೆಯನ್ನು ನಿರಾಕರಿಸಲು ಬೇರೆ ಕಾರಣವನ್ನು ಹೇಳಬೇಕು.

ನಾಯಕನ ಹೆಸರು ಬದಲಾದುದಕ್ಕೂ ಕಾದಂಬರಿಯೇ ದಾರಿಯನ್ನು ತೋರಿಸುತ್ತದೆ. ನಾಗವರ್ಮನ ಕರ್ಣಾಟಕ ಕಾದಂಬರಿಯನ್ನು ಓದಿದ ಕನ್ನಡಿಗರಿಗೆ ಇದು ಗೊತ್ತು: ಆ ಕಥೆಯಲ್ಲಿ ಗಂಡಸರು ಜನ್ಮವನ್ನೂ ಹೆಸರನ್ನೂ ಬದಲಿಸುತ್ತ ಹೋಗುವರು. ಪುಂಡರೀಕನು ವೈಶಂಪಾಯನನಾಗಿ, ಬಳಿಕ ಗಿಳಿಯಾಗಿ ಹುಟ್ಟುವನು, ಚಂದ್ರಾಪೀಡನು ಶೂದ್ರಕನಾಗುವನು. ಮಹಾಶ್ವೇತೆ ಕಾದಂಬರಿಯರು ಮಾತ್ರ ಒಂದೇ ದೇಹದಲ್ಲಿ, ಒಂದೇ ಹೆಸರಿನಲ್ಲಿ ಕಾಯುತ್ತಿರುವರು. ಮಾಲ್ಗುಡಿಯ ಈ ಎರಡು ಗ್ರಂಥಗಳಲ್ಲಿಯೂ ಗಂಡನು ಚಂದ್ರನ್ ಆಗಿದ್ದವನು ಕೃಷ್ಣನ್ ಆದನು. ಸುಶೀಲೆಯು ಸುಶೀಲೆಯಾಗಿಯೇ ಉಳಿದಳು. ಗ್ರಂಥಕರ್ತರು ಬಾಣನನ್ನು ಅನುಸರಿಸಿದರೆಂದು ನಾವು ಹೇಳುವುದಿಲ್ಲ. ಕಥೆಯು ಒಬ್ಬಳ ಸುತ್ತ ನಿಂತಾಗ ಹೀಗಾಗುವುದು ಸಹಜವೆಂದಷ್ಟೆ ನಮ್ಮ ಮಾತು.

ಶಾಸ್ತ್ರದಿಂದ ಎಲ್ಲವೂ ಸಮರ್ಥಿತವಾಯಿತೆಂದು ಹೇಳಿದರೆ ಅದು ಪಕ್ಷಪಾತವಾದೀತು. ಪರಲೋಕದ ಸ್ಥಿತಿಗತಿಗಳನ್ನು ಸಂದೇಶಗಳು ವಿವರಿಸುವ ಕೆಲವೆಡೆಗಳಲ್ಲಿ ಕ್ಷೇಮೇಂದ್ರನು ಕೇಳುವ ಔಚಿತ್ಯ ತಪ್ಪಿದೆ. ಬದುಕಿದ್ದಾಗ ಸುಶೀಲೆಯ ಮಾತಿನಲ್ಲಿದ್ದ ಹುಣಿಸೆಯ ಹುಳಿಯು ಅಲ್ಲಿ ಇಲ್ಲ. ಆಕೆಯ ಬಾಯಲ್ಲಿ ಉಪದೇಶಕರ ಭಾಷೆ ಬರುತ್ತದೆ. ಶೋಕವು ತನ್ನ ಅನುಭವವಾದಾಗ ಕವಿಯು ಅದನ್ನು ಕೊರೆದು ಕಡಿಮೆಮಾಡುವುದು ಕಷ್ಟ. ಇನ್ನೊಂದು ಕಡೆ ಶಾಸ್ತ್ರವೇ ಸಾಲದಾಗುತ್ತದೆ. ಕಾದಂಬರಿಯಲ್ಲಿ ಸತ್ತವರು ಸಶರೀರರಾಗಿ ಮರಳಿ ಬರುವರು, ಇಲ್ಲಿ ಬರುವುದಿಲ್ಲ. ಪ್ರತ್ಯಾಶೆಯೇ ರೂಪಾಂತರವನ್ನು ಹೊಂದಬೇಕಾಗುತ್ತದೆ. ಕೃಷ್ಣನ್ ಮೊದಲು ಗೃಹಸ್ಥನ ಕೈಬರಹವನ್ನು ಬಿಟ್ಟು ತಾನೇ ಧ್ಯಾನಿಸಲು ಕಲಿಯುವನು; ಕಾಲೇಜಿನ ಕೆಲಸವನ್ನು ಬಿಟ್ಟು ಮಕ್ಕಳ ಶಾಲೆಗೆ ಸೇರುವನು. ಕೊನೆಯ ರಾತ್ರಿ ಆಕೆ ಬಂದಿರುವಳೆಂದು ಅವನಿಗೆ ಕಾಣುವುದು; ಮೊಳೆಯಲ್ಲಿ ತೂಗಹಾಕಿದ್ದ ಮಲ್ಲಿಗೆಯ ಮಾಲೆಯನ್ನು ಅವನು ಕೊಡುವನು; ಆಕೆ ಅದರಲ್ಲಿ ಒಂದು ತುಂಡನ್ನು ಮುರಿದು ಮುಡಿಯುವಳು. ಇದು ಸಂಭೋಗವೋ, ಶಾಂತವೋ, ಭ್ರಾಂತಿಯೋ? ಹೆಸರಿಡುವ ಅವಸರ ನಮಗಿಲ್ಲ. ಮಾಲೆಯನ್ನು ಇಡಿಯಾಗಿ ತೆಗೆದುಕೊಳ್ಳದೆ ತುಂಡನ್ನು ಮಾತ್ರ ಮುಡಿದ ಆ ಮನೆವಾರ್ತೆಯ ಮಿತವ್ಯಯದಲ್ಲಿ ಲೆಕ್ಕದ ಚೀಟಿಯನ್ನು ಬರೆಯುತ್ತಿದ್ದ ಸುಶೀಲೆಯೇ ಮರಳಿ ಬಂದಿದ್ದಾಳೆ; ಸಂದೇಶಗಳಲ್ಲಿ ತಪ್ಪಿಹೋಗಿದ್ದ ಔಚಿತ್ಯವು ಈ ಒಂದು ಕೈಚಲನದಲ್ಲಿ ದಕ್ಕಿತು.

ಉತ್ತರಕಥೆಯ ಕೆಲಸವೇನು ಎಂಬ ಪ್ರಶ್ನೆಗೆ ನಮ್ಮ ಉತ್ತರವಿಷ್ಟು: ಮೊದಲಿನ ರಾಗದ ಬಣ್ಣವನ್ನು ಕಾಲದಲ್ಲಿ ತೊಳೆದು, ಉಳಿದುದೇನೆಂದು ತೋರಿಸುವುದು. ವಿದ್ಯಾಶಾಲೆಗಳಲ್ಲಿ ಪಾಠ ಹೇಳುವ ಮಿತ್ರರಲ್ಲಿ ಒಂದು ವಿಜ್ಞಾಪನೆಯುಂಟು. ಎರಡನೆಯ ಗ್ರಂಥವನ್ನು ಒಂಟಿಯಾಗಿ ಪಠ್ಯಕ್ಕೆ ಇಡಬೇಡಿರಿ. ಮೊದಲನೆಯದನ್ನು ಓದಿಸಿ, ಚಂದ್ರನ್ ಪತ್ರಕ್ಕಾಗಿ ಕಾಯುವ ಪುಟದಲ್ಲಿ ವಿದ್ಯಾರ್ಥಿಗಳನ್ನು ಕೆಲವು ದಿನ ಕಾಯಿಸಿ, ಅನಂತರ ಮುಂದಕ್ಕೆ ಕರೆದೊಯ್ಯಿರಿ. ಸುಶೀಲೆಯ ಹೆಸರನ್ನು ಎರಡನೆಯ ಸಲ ಕಂಡಾಗ ಅವರು ತಾವೇ ತಲೆಯೆತ್ತಿ ನೋಡುವರು. ವ್ಯಾಖ್ಯಾನವನ್ನು ಅಲ್ಲಿಂದ ಪ್ರಾರಂಭಿಸಬಹುದು.