ಹೊಂದಿಕೆಯೂ ಸತ್ಯವೂ: ತೂಗುಸೇತುವೆಯ ಗಣಕ ಪ್ರತಿರೂಪವನ್ನು ಕುರಿತು

ಕಟ್ಟಡ ಸೇತುವೆಗಳನ್ನು ಸಣ್ಣ ಖಂಡಗಳಾಗಿ ವಿಭಾಗಿಸಿ ಗಣಕಯಂತ್ರದಲ್ಲಿ ಅವುಗಳ ಪ್ರತಿರೂಪವನ್ನು ನಿರ್ಮಿಸುವುದೂ, ಅಳೆದು ಪಡೆದ ಕಂಪನಸಂಖ್ಯೆಗೆ ಹೊಂದುವವರೆಗೆ ಅದನ್ನು ತಿದ್ದುವುದೂ ಇಂದು ವಾಡಿಕೆಯಾಗಿದೆ. ಫ್ರಿಸ್‌ವೆಲ್ ಮತ್ತು ಮಾಟರ್ಸ್‌ಹೆಡ್ ಅವರು 1995ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಧಾನವನ್ನು ವ್ಯವಸ್ಥಿತವಾಗಿ ನಿರೂಪಿಸಿದೆ. ವಿಧಾನದ ಉಪಯುಕ್ತತೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಸಂಖ್ಯೆಗಳು ಹೊಂದಿದೊಡನೆ ಪ್ರತಿರೂಪವು ಸತ್ಯವಾಯಿತೆಂದು ಭಾವಿಸುವುದನ್ನು ಒಪ್ಪಲಾಗದು.

ಹುಲೇಕಲ್ ಸೀಮೆಯವರಿಗೆ ಸಹಸ್ರಲಿಂಗದ ಬಳಿ ಶಾಲ್ಮಲೆಯ ಮೇಲಿರುವ ತೂಗುಸೇತುವೆ ಪರಿಚಿತವಾದುದು. ಇಂತಹ ಕಾಲುಸೇತುವೆಯನ್ನೇ ವಿಚಾರಿಸೋಣ. ಹಗ್ಗದ ಸೆಳೆತವು ಸೇತುವೆಯ ತೂಕಕ್ಕೆ ನೇರವಾಗಿಯೂ ಜೋಲಿಗೆ ವಿಲೋಮವಾಗಿಯೂ ಇರುತ್ತದೆ. ಕಂಪನಸಂಖ್ಯೆಯ ವರ್ಗವಾದರೋ ಸೆಳೆತವನ್ನು ದ್ರವ್ಯರಾಶಿಯಿಂದ ಭಾಗಿಸಿದ ಪ್ರಮಾಣವನ್ನು ಅನುಸರಿಸುತ್ತದೆ. ಹೀಗಿರಲು ತೂಕವು ಎರಡೂ ಕಡೆ ಹೊಡೆದುಹೋಗಿ ಜೋಲು ಮಾತ್ರ ಉಳಿಯುತ್ತದೆ. ನಡೆದಾಡುವ ಹಾಸಿನ ಬಿಗಿತ ಅಲ್ಪವೆಂದು ಬಿಟ್ಟರೆ, 2 ಮೀಟರು ಜೋಲಿನ ಸೇತುವೆಯು, ಒಂದರ್ಧ ಏರುವಾಗ ಇನ್ನೊಂದರ್ಧ ಇಳಿಯುವ ತೂಗಾಟದಲ್ಲಿ, ಸೆಕೆಂಡಿಗೆ ಸುಮಾರು 0.78 ಸಲ ಕಂಪಿಸುತ್ತದೆ. ಅದು ಭಾರವಾದುದೋ ಹಗುರವಾದುದೋ ಎಂಬುದನ್ನು ಈ ಸಂಖ್ಯೆ ಹೇಳದು.

ಇದಕ್ಕಿಂತಲೂ ಗಂಭೀರವಾದ ಮಾತೊಂದಿದೆ. ಮಲೆನಾಡಿನ ಮಳೆಗೆ ಹಗ್ಗವು ತುಕ್ಕು ಹಿಡಿದು ಅದರ ಗಾತ್ರ ಕುಗ್ಗಿತೆನ್ನಿ. ತೂಕವೂ ಜೋಲೂ ಬಹುಮಟ್ಟಿಗೆ ಮೊದಲಿನಂತೆಯೇ ಇರುವುದರಿಂದ ಈ ಕಂಪನಸಂಖ್ಯೆಯೂ ಹಾಗೆಯೇ ಉಳಿಯುತ್ತದೆ; ಆಗುವ ಅಲ್ಪ ವ್ಯತ್ಯಾಸವು ಬಿಸಿಲು ಚಳಿಗಳಿಂದಾಗುವ ವ್ಯತ್ಯಾಸದಲ್ಲಿ ಮರೆಯಾಗಬಹುದು. ಹೊಸ ಹಗ್ಗವೆಂದು ಭಾವಿಸಿದ ಪ್ರತಿರೂಪವೂ ಸವೆದ ಹಗ್ಗದ ಸೇತುವೆಯೂ ಒಂದೇ ಸಂಖ್ಯೆಯನ್ನು ಕೊಡುತ್ತವೆ. ಹೊಂದಿಕೆಯನ್ನು ನಂಬಿ ಕ್ಷೇಮವೆಂದು ಬರೆದುಕೊಟ್ಟರೆ, ತುಂಬಿದ ಹೊಳೆಯ ಮೇಲೆ ಶಾಲೆಗೆ ನಡೆಯುವ ಮಕ್ಕಳಿಗೆ ಆ ಬರಹದಿಂದ ರಕ್ಷಣೆಯುಂಟೆ?

ಪರಿಹಾರವಿಲ್ಲದಿಲ್ಲ. ನಡುಭಾಗವೆಲ್ಲ ಒಟ್ಟಿಗೆ ಏರಿ ಇಳಿಯುವ ಕಂಪನದಲ್ಲಿ ಹಗ್ಗವು ಹಿಗ್ಗಬೇಕಾಗುತ್ತದೆ. ಆದುದರಿಂದ ಅಲ್ಲಿ ಅದರ ಗಾತ್ರದ ಪ್ರಭಾವ ಕಾಣಿಸಿಕೊಳ್ಳುತ್ತದೆ. 1974ರಲ್ಲಿ ಇರ್ವಿನ್ ಮತ್ತು ಕಾಘಿ ಅವರು ಈ ಭೇದವನ್ನು ಗಣಿತದಿಂದ ವಿಶದಪಡಿಸಿದರು. ಆ ಕಂಪನವನ್ನೂ ಅಳೆಯಬೇಕು. ತೂಗಿದ ಮರಳಿನ ಚೀಲಗಳನ್ನು ನಡುವೆ ಇರಿಸಿ ಸೇತುವೆ ಎಷ್ಟು ಇಳಿಯಿತೆಂದು ನೋಡಬೇಕು. ಹಗ್ಗದ ಬುಡವನ್ನು ಕಣ್ಣಾರೆ ಪರೀಕ್ಷಿಸಬೇಕು.

ತಿದ್ದಲು ಬಳಸಿದ ಅಳತೆಯೇ ತಿದ್ದುಪಡಿಗೆ ಸಾಕ್ಷಿಯಾಗಲಾರದು. ತಿದ್ದುವಾಗ ಬದಿಗಿರಿಸಿದ ಇನ್ನೊಂದು ಅಳತೆಯನ್ನು ಪ್ರತಿರೂಪವು ಮುಂಚಿತವಾಗಿ ಸರಿಯಾಗಿ ಹೇಳಬಲ್ಲುದಾದರೆ ಮಾತ್ರ ಅದು ನಮ್ಮ ವಿಶ್ವಾಸಕ್ಕೆ ಅರ್ಹವೆನ್ನಬಹುದು.