ವರ್ಕ್‌ಸ್ಟೇಷನ್ ಯಾರಿಗೆ ಬೇಕು?

ನಿಮ್ಮ ವಿಭಾಗಕ್ಕೆ ಗಣಕ ಕೊಳ್ಳಲು ಅನುದಾನ ಬಂದಿದೆ ಎಂದುಕೊಳ್ಳಿ. ಮುಂದೆ ಎರಡು ದರಪಟ್ಟಿಗಳಿವೆ: ಒಂದು ಸಾಧಾರಣ ಪಿಸಿಯದು, ಇನ್ನೊಂದು ಅದರ ಹಲವು ಪಟ್ಟು ಬೆಲೆಯ ವರ್ಕ್‌ಸ್ಟೇಷನ್‌ನದು. ‘ಸಂಶೋಧನೆ ಎಂದರೆ ವರ್ಕ್‌ಸ್ಟೇಷನ್ನೇ ಬೇಕು’ ಎಂಬ ಮಾತಿಗೆ ಸಭೆಯಲ್ಲಿ ಯಾರೂ ಎದುರಾಡುವುದಿಲ್ಲ. ಪರೀಕ್ಷಿಸದೆ ಒಪ್ಪುವುದು ವಿಜ್ಞಾನ ಕಲಿಸುವವರಿಗೆ ತಕ್ಕುದೇ?

ಒಂದು ಕಾಲಕ್ಕೆ ಆ ಮಾತು ನಿಜವಾಗಿತ್ತು. 1980ರ ದಶಕದಲ್ಲಿ ಸನ್, ಸಿಲಿಕಾನ್ ಗ್ರಾಫಿಕ್ಸ್ ಕಂಪನಿಗಳ ವರ್ಕ್‌ಸ್ಟೇಷನ್‌ಗಳ ಪ್ರೊಸೆಸರ್ ಮತ್ತು ಕಾರ್ಯಾಚರಣ ವ್ಯವಸ್ಥೆ ಎರಡೂ ಪಿಸಿಯವಕ್ಕಿಂತ ಬೇರೆಯೇ ಆಗಿದ್ದವು. ಪಿಸಿಯ ಪ್ರೊಸೆಸರ್ ಬಲಿತಂತೆ ಅಂತರ ಕರಗಿತು. ಸಿಲಿಕಾನ್ ಗ್ರಾಫಿಕ್ಸ್ 2009ರಲ್ಲಿ ಎರಡನೇ ಸಲ ದಿವಾಳಿಯಾಯಿತು. 2010ರಲ್ಲಿ ಸನ್ ಒರಾಕಲ್ ಪಾಲಾಯಿತು. ಇಂದಿನ ಬಹುಪಾಲು ವರ್ಕ್‌ಸ್ಟೇಷನ್‌ಗಳಲ್ಲಿರುವುದು ಪಿಸಿಯ ಪ್ರೊಸೆಸರ್‌ಗಳ ವಂಶದವೇ.

ಹಾಗಾದರೆ ಹೆಚ್ಚಿನ ಹಣ ಯಾವುದಕ್ಕೆ? ಹೆಚ್ಚು ಮೆಮರಿಗೆ, ದಿನಗಟ್ಟಲೆ ಬಿಡದೆ ದುಡಿಯುವಾಗ ಬೇಕಾದ ತಂಪಿಗೆ ಮತ್ತು ಮುಖ್ಯವಾಗಿ ದೋಷ ತಿದ್ದುವ ಮೆಮರಿಗೆ. ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಾನ್ ಮೆಮರಿಯ ಚಿಪ್ಪಿಗೆ ಬಡಿದಾಗ 0 ಇದ್ದ ಬಿಟ್ 1 ಆಗಬಹುದು. ದೋಷ ತಿದ್ದುವ ಮೆಮರಿ ಸಾಮಾನ್ಯವಾಗಿ ಪ್ರತಿ 64 ಬಿಟ್‌ಗೆ 8 ಕಾವಲು ಬಿಟ್‌ಗಳನ್ನಿಟ್ಟು, ಒಂದು ಬಿಟ್ಟಿನ ತಪ್ಪನ್ನು ತಿದ್ದುತ್ತದೆ, ಎರಡರ ತಪ್ಪನ್ನು ಪತ್ತೆ ಹಚ್ಚುತ್ತದೆ.

ಇದು ಎಲ್ಲಿ ಅಗತ್ಯ? ನಮ್ಮ ಹಾಸನದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರವನ್ನೇ ನೆನೆಯಿರಿ. 1982ರಿಂದ ಅಲ್ಲಿ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಹಗಲಿರುಳೂ ಕಾಯಲಾಗುತ್ತಿದೆ. ಅಂಥ ಕೆಲಸದಲ್ಲಿ ಒಂದು ಬಿಟ್ಟಿನ ತಪ್ಪೂ ದುಬಾರಿ. ಹೊಳೆನರಸೀಪುರದ ಪದವಿ ತರಗತಿಯಲ್ಲಿ ಲೋಲಕದ ಸಮೀಕರಣ ಬಿಡಿಸುವಾಗ ತಪ್ಪಾದರೆ? ಇನ್ನೊಮ್ಮೆ ಓಡಿಸಿದರಾಯಿತು!

ನೀವೇ ಲೆಕ್ಕ ಹಾಕಿ. ಒಂದು ಸಂಖ್ಯೆಗೆ 8 ಬೈಟ್. 10,000 ಅಡ್ಡಸಾಲು, 10,000 ಕಂಬಸಾಲುಗಳ ಮಾತೃಕೆಗೆ 80 ಕೋಟಿ ಬೈಟ್, ಅಂದರೆ 0.8 ಗಿಗಾಬೈಟ್. 8 ಗಿಗಾಬೈಟ್ ಮೆಮರಿಯ ಪಿಸಿಗೆ ಇದು ಭಾರವಲ್ಲ. ಸಾಲುಗಳು ತಲಾ ಒಂದು ಲಕ್ಷವಾದರೆ 80 ಗಿಗಾಬೈಟ್ ಬೇಕು. ಆಗ ವರ್ಕ್‌ಸ್ಟೇಷನ್ ಕೇಳುವುದು ನ್ಯಾಯ.

ನಾನು ಕಂಡ ಕಾಲೇಜೊಂದರಲ್ಲಿ ಇಂಥ ದುಬಾರಿ ಯಂತ್ರ ಬೀಗ ಹಾಕಿದ ಕೋಣೆಯಲ್ಲಿ ಕುಳಿತು ಸುತ್ತೋಲೆಗಳನ್ನು ಮುದ್ರಿಸುತ್ತಿತ್ತು. ಹೊರಗೆ ಪ್ರಯೋಗಾಲಯದಲ್ಲಿ ಒಂದೊಂದು ಪಿಸಿಯ ಮುಂದೆ ನಾಲ್ವರು ವಿದ್ಯಾರ್ಥಿಗಳು. ಕೀಲಿಮಣೆ ಒಬ್ಬನ ಕೈಯಲ್ಲಿ, ಉಳಿದ ಮೂವರು ಪ್ರೇಕ್ಷಕರು. ಆ ಖರೀದಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಆದ್ದರಿಂದ ದರಪಟ್ಟಿ ತರಿಸುವ ಮೊದಲು ಬಿಡಿಸಬೇಕಾದ ಸಮಸ್ಯೆಯನ್ನು ಕಾಗದದ ಮೇಲೆ ಬರೆಯಿರಿ. ಎಷ್ಟು ಮೆಮರಿ, ಎಷ್ಟು ಗಂಟೆ, ತಪ್ಪಾದರೆ ಏನು ನಷ್ಟ? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಪಿಸಿಗಳನ್ನೇ ಕೊಳ್ಳಿ, ವಿದ್ಯಾರ್ಥಿಗಳ ಕೈಗೆ ಕೊಡಿ.