ಎದುರಾಳಿಯ ಹೆಸರಿನ ಸಾಲು

ಮಲೆ ಮಾದಪ್ಪನ ಕತೆಯನ್ನು ಕಂಸಾಳೆಯವರು ಏಳು ಸಾಲುಗಳಾಗಿ ಹಾಡುತ್ತಾರೆ. ತಾಳುಬೆಟ್ಟದ ಸಾಲು, ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಇವುಗಳಲ್ಲಿ ಒಂದು ಜಾಗದ ಹೆಸರು. ಉಳಿದ ಆರೂ ಬೇರೆ ಬೇರೆ ಜನರ ಹೆಸರು. ಹುಲಿಯನ್ನೇರಿ ಎಪ್ಪತ್ತೇಳು ಮಲೆ ಸುತ್ತುವ ನಾಯಕನ ಹೆಸರಿನಲ್ಲಿ ಒಂದೇ ಒಂದು ಸಾಲೂ ಇಲ್ಲ. ಅದಕ್ಕಿಂತ ಸೋಜಿಗವೆಂದರೆ ಈ ಆರರಲ್ಲಿ ಇಬ್ಬರು ಮಾದಪ್ಪನಿಗೆ ಎದುರು ನಿಂತವರು. ದೇವತೆಗಳನ್ನೇ ಜೀತಕ್ಕಿಟ್ಟುಕೊಂಡ ಶ್ರವಣ ಒಬ್ಬ, ಬಾಗಿಲಿಗೆ ಬಂದ ಜಂಗಮನಿಗೆ ಭಿಕ್ಷೆ ಹಾಕದ ಕಾಳಮ್ಮ ಇನ್ನೊಬ್ಬಳು.

ಕೊಳ್ಳೇಗಾಲ, ಹನೂರು, ಬಂಡಳ್ಳಿಯ ಕಡೆ ಇದು ಯಾರಿಗೂ ವಿಶೇಷವಾಗಿ ಕಾಣುವುದಿಲ್ಲ. ಹರಕೆ ಹೊತ್ತ ಮನೆಯವರು ದೇವರಗುಡ್ಡರನ್ನು, ಅಂದರೆ ಈ ಕಂಸಾಳೆ ಹಾಡುಗಾರರನ್ನು, ಕರೆಸಿ ರಾತ್ರಿ ಕೂರಿಸಿದಾಗ ಕೇಳುವುದು ‘ಸಂಕಮ್ಮನ ಸಾಲು ಹಿಡೀರಪ್ಪ’ ಎಂದೇ. ಬೆಟ್ಟದ ಒಡೆಯ ಆ ಕತೆಯೊಳಗೆ ಬಂದೇ ಬರುತ್ತಾನೆ ಎಂಬ ಭರವಸೆ ಕೇಳುವವರಿಗೆ ಇರುತ್ತದೆ. ಆದರೆ ಅವರು ಎಚ್ಚರವಾಗಿ ಕೂತಿರುವುದು ಸಂಕಮ್ಮನಿಗಾಗಿ. ಈ ಕಾವ್ಯದ ದೊಡ್ಡಸ್ತಿಕೆ ಇರುವುದು ಇಲ್ಲೇ. ಇದು ತನ್ನ ಚಿಕ್ಕ ಪಾತ್ರಗಳನ್ನು ಚಿಕ್ಕದಾಗಿ ಕಾಣಲಿಲ್ಲ.

ಈ ಮಾತಿನ ತೂಕ ತಿಳಿಯಬೇಕಾದರೆ ಅತಿಮಾನುಷ ನಾಯಕರ ಇನ್ನೊಂದು ದೊಡ್ಡ ಕಣಜವನ್ನು ಪಕ್ಕಕ್ಕಿಟ್ಟು ನೋಡಬೇಕು. ಅಮೆರಿಕದ ಕಾಮಿಕ್ಸ್‌ನಲ್ಲಿ 1938ರಲ್ಲಿ ಸೂಪರ್‌ಮ್ಯಾನ್ ಬಂದ, ಮರುವರ್ಷ ಬ್ಯಾಟ್‌ಮ್ಯಾನ್ ಬಂದ. ಪುಸ್ತಕಗಳು ತಿಂಗಳು ತಿಂಗಳು ಹೊರಬರತೊಡಗಿದ ಮೇಲೆ ನಾಯಕನಿಗೆ ತಿಂಗಳಿಗೊಬ್ಬ ಹೊಸ ಎದುರಾಳಿ ಬೇಕಾಯಿತು. 1954ರಲ್ಲಿ ಪ್ರಕಾಶಕರು ತಾವೇ ಒಂದು ಕಟ್ಟುಪಾಡು ಮಾಡಿಕೊಂಡು ರಕ್ತ, ಭೀಕರತೆ, ಕ್ರೌರ್ಯಗಳಿಗೆ ಕಡಿವಾಣ ಹಾಕಿದರು. ಹಾಗಾಗಿ ಖಳರು ನಿಜವಾಗಿ ಭಯ ಹುಟ್ಟಿಸುವಂತಿರಲಿಲ್ಲ. ಹೊಸತೆನಿಸಬೇಕಾದರೆ ಉಳಿದದ್ದು ವಿಚಿತ್ರ ವೇಷ, ವಿಚಿತ್ರ ಆಯುಧ. 1960ರಲ್ಲಿ ಗಾಳಿಪಟ ಕಟ್ಟಿಕೊಂಡು ಹಾರುವ ಕೈಟ್ ಮ್ಯಾನ್ ಬ್ಯಾಟ್‌ಮ್ಯಾನ್‌ಗೆ ಎದುರಾದ. 1962ರಲ್ಲಿ ಮೈತುಂಬ ಬಣ್ಣದ ಚುಕ್ಕೆಗಳಿರುವ ಪೋಲ್ಕಾ ಡಾಟ್ ಮ್ಯಾನ್ ಬಂದ, ಆ ಚುಕ್ಕೆಗಳೇ ಅವನ ಆಯುಧ. 1963ರಲ್ಲಿ ಪೇಸ್ಟ್ ಪಾಟ್ ಪೀಟ್ ಎಂಬವನು ಅಂಟು ಚಿಮ್ಮಿಸುವ ಬಂದೂಕು ಹಿಡಿದು ಬೆಂಕಿಯ ಮನುಷ್ಯನ ಎದುರು ನಿಂತ. ಇವರಿಗೆ ಊರಿಲ್ಲ, ಮನೆಯಿಲ್ಲ, ಹೆತ್ತವರಿಲ್ಲ. ಸೋತು ಜೈಲು ಸೇರಿದರೆ ಅಲ್ಲಿಗೆ ಮುಗಿಯಿತು.

ಅವರನ್ನು ಮತ್ತೆ ಎಬ್ಬಿಸಿದವರು ಮುಂದಿನ ತಲೆಮಾರಿನ ಬರಹಗಾರರು. 2017ರಲ್ಲಿ ಟಾಮ್ ಕಿಂಗ್ ಕೈಟ್ ಮ್ಯಾನ್‌ಗೆ ಒಬ್ಬ ಮಗನನ್ನು ಕೊಟ್ಟು, ಆ ಮಗನನ್ನು ಕಳೆದುಕೊಂಡ ದುಃಖವನ್ನೂ ಕೊಟ್ಟ. ಸುಮಾರು ಅರವತ್ತು ವರ್ಷ ನಗೆಪಾಟಲಾಗಿದ್ದ ಗಾಳಿಪಟಕ್ಕೆ ಅಲ್ಲಿಂದ ಅರ್ಥ ಬಂತು. 2021ರ ಸಿನಿಮಾ ಒಂದರಲ್ಲಿ ಪೋಲ್ಕಾ ಡಾಟ್ ಮ್ಯಾನ್‌ಗೆ ತಾಯಿಯಿಂದ ಆದ ಗಾಯದ ಕತೆ ಸೇರಿತು. 1960ರಲ್ಲಿ ಮನುಷ್ಯರನ್ನು ಹಿಡಿದೊಯ್ಯಲು ಬಂದ ಮರದ ರಾಕ್ಷಸ ಗ್ರೂಟ್ 2014ರ ಹೊತ್ತಿಗೆ ಮಕ್ಕಳ ಮುದ್ದಿನ ನಾಯಕನಾದ. ಇವೆಲ್ಲ ಒಳ್ಳೆಯ ಕೆಲಸವೇ. ಆದರೂ ಗಮನಿಸಬೇಕು: ಮನುಷ್ಯತನ ಅವರಿಗೆ ತಡವಾಗಿ ಸಿಕ್ಕಿತು, ಬೇರೆಯವರ ಕೈಯಿಂದ ಸಿಕ್ಕಿತು. ಪಾತ್ರದ ಒಡೆತನ ಕಂಪನಿಯದಾದ್ದರಿಂದ ಯಾವ ಖಳನೂ ಪೂರ್ತಿ ಸಾಯುವುದಿಲ್ಲ. ಅಟ್ಟದ ಮೇಲಿಟ್ಟ ಪಾತ್ರೆಯ ಹಾಗೆ, ಬೇಕಾದಾಗ ಕೆಳಗಿಳಿಯುತ್ತಾನೆ.

ಕಂಸಾಳೆಯವರ ಸಂಕಮ್ಮನಿಗೆ ಆ ಕಾಯುವಿಕೆ ಬೇಕಾಗಲಿಲ್ಲ. ಆಕೆ ಬರುವಾಗಲೇ ಒಂದು ಸಂಸಾರದೊಳಗಿಂದ ಬರುತ್ತಾಳೆ. ಗಂಡ ನೀಲೇಗೌಡ ಸೋಲಿಗರವನು. ಜೇನು ಕೀಳಲು ಮಲೆಗೆ ಹೊರಟಿದ್ದಾನೆ. ಹೋದವನು ಬರುವುದು ಯಾವಾಗಲೋ. ಹೊರಡುವ ಮುಂಚೆ ಹೆಂಡತಿಯಿಂದ ಅವನಿಗೆ ಭಾಷೆ ಬೇಕು. ತಾನು ಬರುವವರೆಗೆ ತಪ್ಪಿ ನಡೆಯುವುದಿಲ್ಲ ಎಂದು ಬಲಗೈ ಮುಟ್ಟಿ ಆಣೆ ಮಾಡಬೇಕು. ಸಂಕಮ್ಮ ಒಲ್ಲೆನೆನ್ನುತ್ತಾಳೆ. ಹತ್ತು ಜನರೆದುರು ಧಾರೆ ಎರೆಸಿಕೊಂಡ ಮೇಲೆ ಇನ್ನೊಂದು ಭಾಷೆ ಯಾಕೆ ಎಂಬುದು ಅವಳ ನಿಲುವು. ಅವಳು ತಪ್ಪು ಮಾಡಿದವಳಲ್ಲ, ಮಾಡುವವಳೂ ಅಲ್ಲ. ಕೈಯಿಟ್ಟು ಒಂದು ಮಾತು ಹೇಳಿಬಿಟ್ಟರೆ ಗಂಡ ಸಮಾಧಾನವಾಗಿ ಹೊರಟುಹೋಗುತ್ತಾನೆ. ಆ ಒಂದು ಮಾತನ್ನೇ ಅವಳು ಕೊಡುವುದಿಲ್ಲ.

ಈ ಭಾಗವನ್ನು ಹತ್ತಿರದಿಂದ ಕೇಳಬೇಕು. ಮುಂದಾಳು ಹಾಡುಗಾರನ ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಇನ್ನೊಂದು ತಾಳ. ಕುಣಿತದಲ್ಲಾದರೆ ಅದು ಬೆನ್ನ ಹಿಂದಿನಿಂದ, ತೊಡೆಯ ಕೆಳಗಿನಿಂದ ಹಾರಿಬಂದು ಬಟ್ಟಲಿಗೆ ಬಡಿಯುತ್ತದೆ. ಕೂತು ಕತೆ ಮಾಡುವಾಗ ಆ ಆರ್ಭಟ ಇರುವುದಿಲ್ಲ. ನೀಲೇಗೌಡ ಕೇಳುವಾಗ ತಾಳ ಬಿರುಸಾಗಿ ಬೀಳುತ್ತದೆ, ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಸಂಕಮ್ಮ ಉತ್ತರ ಕೊಡುವಾಗ ತಾಳ ಸಣ್ಣದಾಗುತ್ತದೆ, ಹಾಡು ಮಾತಾಗುತ್ತದೆ. ಅದೇ ಗಂಡಸು, ಅದೇ ಗಂಟಲು. ಎರಡು ಉಸಿರಿನ ನಡುವೆ ಅವನು ಗಂಡನೂ ಆಗಬೇಕು, ಹೆಂಡತಿಯೂ ಆಗಬೇಕು. ಒಳ್ಳೆಯ ಹಾಡುಗಾರ ನೀಲೇಗೌಡನನ್ನು ಬರೀ ರಾಕ್ಷಸನನ್ನಾಗಿ ಮಾಡುವುದಿಲ್ಲ. ಮಲೆಗೆ ಒಂಟಿಯಾಗಿ ಹೊರಟವನ ಅಳುಕು ಆ ದನಿಯಲ್ಲಿ ಇರುತ್ತದೆ. ಆ ಅಳುಕೇ ಬೆಳೆದು ಹಿಂಸೆಯಾಗುವುದನ್ನು ಕೇಳುಗ ಹೆಜ್ಜೆ ಹೆಜ್ಜೆಗೂ ಕಾಣುತ್ತಾನೆ. ಕೊನೆಗೆ ಅವಳನ್ನು ಗುಡಿಸಲಲ್ಲಿ ಕೂಡಿ, ಮಾಟದ ಕಟ್ಟು ಹಾಕಿ ಅವನು ಹೊರಡುತ್ತಾನೆ.

ಮಾದಪ್ಪ ಬರುವುದು ಇಷ್ಟೆಲ್ಲ ಆದ ಮೇಲೆ. ಕಟ್ಟು ಬಿಡಿಸುತ್ತಾನೆ, ಮಕ್ಕಳ ವರ ಕೊಡುತ್ತಾನೆ. ಹುಟ್ಟುವವರು ಕಾರಯ್ಯ, ಬಿಲ್ಲಯ್ಯ. ಪವಾಡದ ದೃಷ್ಟಿಯಿಂದ ಇದು ಸಾಲಿನ ತುದಿ ನಿಜ. ಆದರೆ ಬಂಡಳ್ಳಿಯ ಜಗಲಿಯ ಮೇಲೆ ಕೂತ ಹೆಂಗಸರ ಮನಸ್ಸಿನಲ್ಲಿ ಉಳಿಯುವುದು ಪವಾಡಕ್ಕಿಂತ ಆ ಒಲ್ಲೆನೆಂಬ ಮಾತು. ಆ ಮಾತಿಗೆ ಯಾವ ಮಂತ್ರಶಕ್ತಿಯ ಬೆಂಬಲವೂ ಇರಲಿಲ್ಲ.

ಶ್ರವಣನ ಕಡೆಗೆ ತಿರುಗಿದರೆ ಖಳನನ್ನು ಕಟ್ಟುವ ಇನ್ನೊಂದು ಕೌಶಲ ಕಾಣುತ್ತದೆ. ಬಂಕಾಪುರಿಯ ಈ ದೊರೆ ದೇವತೆಗಳನ್ನು ಸೆರೆಹಿಡಿದು ಕೊಲ್ಲುವುದಿಲ್ಲ. ಕೆಲಸಕ್ಕೆ ಹಚ್ಚುತ್ತಾನೆ. ಮುಕ್ಕೋಟಿ ದೇವರುಗಳು ಅವನ ಮನೆಯಲ್ಲಿ ಚಾಕರಿ ಮಾಡಬೇಕು. ಈ ಸೀಮೆಯ ಬಡವರಿಗೆ ಸ್ವರ್ಗದ ಯುದ್ಧ ಗೊತ್ತಿರಲಿಲ್ಲ, ಜೀತ ಗೊತ್ತಿತ್ತು. ಹಾಗಾಗಿ ಕೇಡು ಎಂದರೆ ಏನು ಎಂದು ಹೇಳುವಾಗ ಕಾವ್ಯ ಗದೆ, ಚಕ್ರಗಳ ಸುದ್ದಿಗೆ ಹೋಗದೆ ದಣಿಯ ಅಂಗಳಕ್ಕೆ ಹೋಯಿತು. ಶ್ರವಣನ ಕೊನೆಯೂ ಅಷ್ಟೇ ನೆಲದ್ದು. ಮಾದಪ್ಪ ಅವನನ್ನು ಮುಗಿಸುವುದು ಚಮ್ಮಾವುಗೆಯ ಉಪಾಯದಿಂದ, ಅಂದರೆ ಚಮ್ಮಾರನ ಕಸುಬಿನಿಂದ. ಮಾದಿಗರ ಉತ್ತರಾಜಮ್ಮನ ಮಗನ ಕತೆಯಲ್ಲಿ ಈ ಆಯುಧ ಆಕಸ್ಮಿಕವಲ್ಲ.

ಇಲ್ಲಿ ಒಂದು ತಕರಾರನ್ನೂ ದಾಖಲಿಸಬೇಕು. ಶ್ರವಣ ಎಂಬ ಹೆಸರಿನ ಹಿಂದೆ ಶ್ರಮಣ, ಅಂದರೆ ಜೈನ ಎಂಬ ಸೂಚನೆಯನ್ನು ಕಂಡ ವಿದ್ವಾಂಸರಿದ್ದಾರೆ. ಆ ಓದು ಸರಿಯಾದರೆ ಒಂದು ಮತದ ಜತೆಗಿನ ಹಳೆಯ ಜಗಳ ಇಲ್ಲಿ ಒಬ್ಬ ರಕ್ಕಸನ ಮುಖ ಹಾಕಿಕೊಂಡಿದೆ. ಶ್ರವಣನ ಅಂಗಳದ ಬಗ್ಗೆ ಇಷ್ಟು ಬಲ್ಲ ಕಾವ್ಯಕ್ಕೆ ಶ್ರವಣನ ಒಳಗಿನ ಬಗ್ಗೆ ಅಷ್ಟು ತಿಳಿದಿಲ್ಲ ಎನ್ನಿಸುವುದು ಇದೇ ಕಾರಣಕ್ಕೆ. ಕಾಳಮ್ಮನ ಮುಂದೆ ನಿಲ್ಲಿಸಿದರೆ ಅವನು ತೆಳುವಾಗಿ ಕಾಣುತ್ತಾನೆ. ಕಾಳಮ್ಮನಿಗೆ ಮಕ್ಕಳು, ಸೊಸೆಯರು ತುಂಬಿದ ಮನೆಯಿದೆ, ದನಕರುವಿದೆ, ಕೂಡಿಟ್ಟದ್ದನ್ನು ಬಿಡಲಾರದ ಮನಸ್ಸಿದೆ. ಅಂಥವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಅವಳ ಸಿರಿ ಕರಗುವಾಗ ಕೇಳುಗನಿಗೆ ತೃಪ್ತಿಯ ಜತೆ ಅಯ್ಯೋ ಎನಿಸುವುದೂ ಅದಕ್ಕೇ. ಅದೇ ಸಿರಿವಂತಿಕೆ ಆಲಂಬಾಡಿಯ ಜುಂಜೇಗೌಡನಿಗೂ ಇದೆ. ಅವನ ಹಸು ಹುತ್ತಕ್ಕೆ ಹಾಲು ಸುರಿಸುತ್ತದೆ, ಅವನು ತಲೆಬಾಗಿ ಗುಡಿ ಕಟ್ಟಿಸುತ್ತಾನೆ. ಭಕ್ತನ ಸಾಲಾಗಿ ಅದು ಅಚ್ಚುಕಟ್ಟಾಗಿದೆ, ಆದರೆ ಕಾಳಮ್ಮನ ಸಾಲಿನ ಕಾವು ಅದರಲ್ಲಿಲ್ಲ.

ಇದೇ ಸೀಮೆಯ ಇನ್ನೊಂದು ಕಾವ್ಯವಾದ ಮಂಟೇಸ್ವಾಮಿಯ ಕತೆಗೆ ಬಂದರೆ ಚಿಕ್ಕ ಪಾತ್ರ ದೊಡ್ಡದಾಗುವ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನೀಲಗಾರರು ತಂಬೂರಿ ಮೀಟುತ್ತ ಹಾಡುವ ಈ ಕತೆಯಲ್ಲಿ ಕೆಂಪಾಚಾರಿ ಒಬ್ಬ ಆಚಾರಿಯ ಮಗ. ಗುರು ಮಂಟೇಸ್ವಾಮಿಗೆ ಶಿಶುಮಗನಾಗಿ ಹೋಗಬೇಕಾದವನು, ಕಷ್ಟಕ್ಕೆ ಸಿಕ್ಕಿ ಸಿದ್ದಪ್ಪಾಜಿಯಾಗುತ್ತಾನೆ. ಇಂದು ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಗೆ ಚಂದ್ರಮಂಡಲ ಹೊತ್ತಿಕೊಂಡು ಐದು ದಿನ ಜಾತ್ರೆ ನಡೆಯುವುದು ಆ ಶಿಷ್ಯನ ಹೆಸರಿನಲ್ಲಿ. ಅತ್ತ 1940ರಲ್ಲಿ ಬ್ಯಾಟ್‌ಮ್ಯಾನ್‌ನ ಬಾಲಸಂಗಾತಿಯಾಗಿ ಬಂದ ರಾಬಿನ್ ತನ್ನದೇ ಹೆಸರಿಟ್ಟುಕೊಂಡು ನೈಟ್‌ವಿಂಗ್ ಆಗಲು 1984ರವರೆಗೆ ಕಾಯಬೇಕಾಯಿತು.

ಸಿದ್ದಪ್ಪಾಜಿಯ ನಿಜವಾದ ಪರೀಕ್ಷೆ ಹಲಗೂರಿನಲ್ಲಿ. ಗುರು ಅವನನ್ನು ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಕೊಡಬೇಕಾದವರು ಅಲ್ಲಿನ ಪಾಂಚಾಳರು, ಅಂದರೆ ಅವನ ಕುಲದವರೇ. ಅವರು ಕೊಡುವುದಿಲ್ಲ, ಬದಲಿಗೆ ಒಂದರ ಮೇಲೊಂದು ಸಂಚು ಹೂಡುತ್ತಾರೆ. ಎದುರಾಳಿ ಹೊರಗಿನಿಂದ ಬಂದವನಲ್ಲ, ತನ್ನದೇ ಕುಲುಮೆಯವನು ಎಂಬ ಕಲ್ಪನೆ ತುಂಬ ಆಳದ್ದು. ಆದರೆ ಕಾವ್ಯ ಅದನ್ನು ಪೂರ್ತಿ ದುಡಿಸಿಕೊಂಡಿಲ್ಲ. ಹಲಗೂರಿನವರಲ್ಲಿ ಕಾಳಮ್ಮನಂತೆ, ನೀಲೇಗೌಡನಂತೆ ಎದ್ದು ನಿಲ್ಲುವ ಒಂದು ಮುಖವಿಲ್ಲ. ಊರಿಗೆ ಊರೇ ಕೆಟ್ಟದ್ದು, ಆದ್ದರಿಂದ ಊರಿಗೆ ಊರೇ ಹಾಳಾಗುತ್ತದೆ. ಒಂದು ಕಸುಬಿನ ಜನರನ್ನು ಹೀಗೆ ಒಟ್ಟಾಗಿ ಖಳರ ಸಾಲಿನಲ್ಲಿ ಕೂರಿಸಿದ್ದು ಇಷ್ಟು ದೊಡ್ಡ ಕಾವ್ಯದ ದೊಡ್ಡ ಕೊರತೆಯೇ.

ಈ ಕಾವ್ಯಗಳು ಅಚ್ಚಿಗೆ ಬಂದದ್ದರಿಂದ ಅವುಗಳ ಚಿಕ್ಕ ಪಾತ್ರಗಳಿಗೆ ಬಹಳ ಒಳ್ಳೆಯದಾಗಿದೆ. ಮಾದಪ್ಪನ ಕಾವ್ಯದ ಪಿ.ಕೆ. ರಾಜಶೇಖರ ಅವರ ಸಂಗ್ರಹ 1970ರ ದಶಕದಲ್ಲೇ ಬಂತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಆ ಪಾಠ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅವರ ಮೂಲಕ ಇಂಗ್ಲಿಷಿಗೂ ಹೋಯಿತು. ಎಚ್.ಎಸ್. ಶಿವಪ್ರಕಾಶ್ ‘ಮಾದಾರಿ ಮಾದಯ್ಯ’, ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕಗಳಲ್ಲಿ ಈ ಲೋಕವನ್ನು ರಂಗಕ್ಕೆ ತಂದರು. ಪುಸ್ತಕದಲ್ಲಿ ಕಾಳಮ್ಮನಿಗೆ ಸಿಗಬೇಕಾದ ಪುಟಗಳು ಸಿಕ್ಕಿವೆ.

ಈ ಪಾತ್ರಗಳು ಕಳೆದುಹೋಗುತ್ತಿರುವುದು ವೇದಿಕೆಯಲ್ಲಿ. ಉತ್ಸವ, ಮೆರವಣಿಗೆ, ಸರ್ಕಾರಿ ಸಮಾರಂಭಗಳಲ್ಲಿ ಕಂಸಾಳೆಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಕತೆ ಹಿಡಿಯುವುದಿಲ್ಲ, ಕುಣಿತ ಮಾತ್ರ ಹಿಡಿಯುತ್ತದೆ. ಹಳದಿ ನಿಲುವಂಗಿ, ಎದೆಯ ರುದ್ರಾಕ್ಷಿ, ಗಾಳಿಯಲ್ಲಿ ತಿರುಗುವ ಗೊಂಡೆ, ಒಬ್ಬರ ಹೆಗಲ ಮೇಲೊಬ್ಬರು ನಿಂತ ಗೋಪುರ, ‘ಉಘೇ ಉಘೇ’ ಎಂಬ ಘೋಷ. ನೋಡಲು ಸೊಗಸು, ಕುಣಿಯುವವರ ಶ್ರಮವೂ ದೊಡ್ಡದು. ಆದರೆ ಆ ಕೆಲವು ನಿಮಿಷಗಳಲ್ಲಿ ಮಾದಪ್ಪ ಗೆದ್ದವನು ಮಾತ್ರ, ಯಾರನ್ನು ಗೆದ್ದ, ಯಾಕೆ ಗೆಲ್ಲಬೇಕಾಯಿತು ಎಂಬುದಿಲ್ಲ. ಬೆಟ್ಟದ ಮೇಲೆ 2023ರಲ್ಲಿ ಅನಾವರಣಗೊಂಡ 108 ಅಡಿಯ ಪ್ರತಿಮೆಯೂ ಹುಲಿಯ ಮೇಲಿನ ನಾಯಕನನ್ನೇ ಎತ್ತಿ ಹಿಡಿದಿದೆ. ಅಮೆರಿಕದ ಕಾಮಿಕ್ಸ್ ತನ್ನ ಮರೆತ ಖಳರಿಗೆ ಮನೆ ಮಠ ಹುಡುಕಿ ಕೊಡುತ್ತಿರುವ ಕಾಲದಲ್ಲೇ, ಮನೆ ಮಠ ಇಟ್ಟುಕೊಂಡೇ ಹುಟ್ಟಿದ ಖಳರನ್ನು ಈ ನಾಡಿನ ವೇದಿಕೆಗಳು ಹೊರಗೆ ನಿಲ್ಲಿಸುತ್ತಿವೆ. ಕಾರ್ಯಕ್ರಮ ಏರ್ಪಡಿಸುವವರು ವರ್ಷಕ್ಕೆ ಒಂದು ರಾತ್ರಿಯಾದರೂ ಒಂದೇ ಸಾಲನ್ನು ಪೂರ್ತಿ ಹಾಡಿಸಬೇಕು, ಕರಪತ್ರದಲ್ಲಿ ಆ ಸಾಲಿನ ಹೆಸರನ್ನೇ ಅಚ್ಚು ಹಾಕಿಸಬೇಕು. ಅದಕ್ಕೆ ಬೇಕಾದ ಕಂಠಗಳು ಹನೂರು, ಕೊಳ್ಳೇಗಾಲದ ಹಳ್ಳಿಗಳಲ್ಲಿ ಇನ್ನೂ ಇವೆ.

ಕಾವ್ಯದೊಳಗೂ ಒಂದು ಜಾಗ ಖಾಲಿ ಉಳಿದಿದೆ. ಸಂಕಮ್ಮನ ಮಕ್ಕಳಾದ ಕಾರಯ್ಯ, ಬಿಲ್ಲಯ್ಯ ಮಲೆಯಲ್ಲಿ ಪೂಜೆಗೊಳ್ಳುತ್ತಾರೆ, ಹಾಡಿನಲ್ಲಿ ಹೆಸರಾಗಿ ಬರುತ್ತಾರೆ, ಆದರೆ ಅವರ ಹೆಸರಿನಲ್ಲಿ ಸಾಲಿಲ್ಲ. ಮಲೆಯಿಂದ ಮರಳಿದ ನೀಲೇಗೌಡ ಬಸುರಿ ಹೆಂಡತಿಯನ್ನು ಯಾವ ಕಣ್ಣಿನಿಂದ ನೋಡಿದ ಎಂಬುದು ಸಂಕಮ್ಮನ ಸಾಲಿನಲ್ಲಿದೆ. ಆ ನೋಟದ ಕೆಳಗೆ ಬೆಳೆದ ಇಬ್ಬರು ಹುಡುಗರು ತಾಯಿಯನ್ನು ಏನು ಕೇಳಿದರು, ನೀಲೇಗೌಡನನ್ನು ಏನೆಂದು ಕರೆದರು, ಜೇನಿನ ಕಾಲ ಬಂದಾಗ ಅವನ ಹಿಂದೆ ಮಲೆ ಹತ್ತಿದರೋ ಇಲ್ಲವೋ ಎಂಬ ಎಂಟನೆಯ ಸಾಲನ್ನು ಯಾವ ಗುಡ್ಡನೂ ಇನ್ನೂ ಹಿಡಿದಿಲ್ಲ.